ಬ್ಯಾರಕ್ಕಿನ ಅಮಲ್ದಾರ

ದೀಪಾವಳಿ ಕಳೆದ ಮೇಲೆ ನಮ್ಮ ಶಿಕಾರಿಪುರ, ಸೊರಬದ ಕಡೆ ಹೋರಿ ಹಬ್ಬ. ಅದರ ಹಿಂದೆಯೇ ವಕೀಲರಿಗೆ ಒಂದಷ್ಟು ಕೇಸು. ಕೊಬ್ಬರಿ ಹಾರ ಹರಿದವರು ಯಾರು ಎಂಬ ಜಗಳ ದೊಣ್ಣೆಗೆ ಹೋಗಿ, ಸೊರಬದ ಹುಡುಗನೊಬ್ಬ ಹದಿನೇಳು ದಿನ ಒಳಗಿದ್ದು ಬಂದ. ನನ್ನ ಆಫೀಸಿನ ಬೆಂಚಿನ ಮೇಲೆ ಕೂತು ಹೇಳಿದ: "ಸರ್, ವಾರ್ಡರ್ ಹೆಸರೇ ನಂಗೆ ಗೊತ್ತಾಗ್ಲಿಲ್ಲ. ಅಣ್ಣ ತೋರಿಸಿದ ಕಡೆ ಮಲಗೋದು, ಅಷ್ಟೇ."

ಆ ಅಣ್ಣನೂ ಕೈದಿಯೇ. ಏನು ಮಾಡಿ ಬಂದೆ ಎಂದು ಅವನು ಕೇಳುವುದಿಲ್ಲವಂತೆ. ಯಾವ ಊರು, ಯಾವ ಜನ, ಮನೆ ಕಡೆ ಅನುಕೂಲ ಹೇಗೆ? ಉತ್ತರ ನೋಡಿಕೊಂಡು ಫ್ಯಾನಿನ ಕೆಳಗೋ, ಕಕ್ಕಸಿನ ಬಾಗಿಲಿಗೋ ಜಾಗ. ಎರಡು ಕಟ್ಟು ಬೀಡಿ ಕೊಟ್ಟರೆ ಒಂದು ಮಾರು ಆಚೆ. ಆದರೆ ಅದೇ ಅಣ್ಣ ನಡುರಾತ್ರಿ ಜ್ವರದಲ್ಲಿ ನಡುಗುತ್ತಿದ್ದ ಮುದುಕನೊಬ್ಬನಿಗಾಗಿ ಬಾಗಿಲು ತೆರೆಯುವವರೆಗೂ ತಟ್ಟೆಯಿಂದ ಸರಳು ಬಡಿದನಂತೆ. ಇದನ್ನು ಹೇಳುವಾಗ ಹುಡುಗನ ದನಿಯಲ್ಲಿ ಭಯ ಇರಲಿಲ್ಲ.

2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರ ಜೈಲಿನ ಫೋಟೊ ಹೊರಬಿತ್ತು. ನಟ ದರ್ಶನ್, ಪಕ್ಕದಲ್ಲಿ ರೌಡಿಶೀಟರ್, ಕುರ್ಚಿ, ಮಗ್ಗು, ಸಿಗರೇಟು. ನಾಡೆಲ್ಲ ಹೌಹಾರಿತು. ನನಗೆ ಆಶ್ಚರ್ಯವಾಗಲಿಲ್ಲ. ಕೈದಿಯಿಂದ ಕೈದಿಯನ್ನು ಕಾಯಿಸುವುದು ಬ್ರಿಟಿಷರು 1894ರ ಕಾರಾಗೃಹ ಕಾಯ್ದೆಯಲ್ಲೇ ಬರೆದಿಟ್ಟ ಅಗ್ಗದ ಉಪಾಯ. ಅಧಿಕಾರಿಯಾಗಿ ನೇಮಕಗೊಂಡ ಕೈದಿಯನ್ನು ಅದು ಸರ್ಕಾರಿ ನೌಕರನೆಂದೇ ಪರಿಗಣಿಸಿತ್ತು. ನಮ್ಮ ಅಣ್ಣನಿಗೆ ಆ ನೇಮಕದ ಕಾಗದವೂ ಇಲ್ಲ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲಿನ ರಿಜಿಸ್ಟರಿನಿಂದ ಜಾತಿಯ ಕಲಂ ತೆಗೆಯಿರಿ ಎಂದಿತು. ಒಳ್ಳೆಯದೇ. ಅಣ್ಣನ ರಿಜಿಸ್ಟರು ಇರುವುದು ಬಾಯಲ್ಲಿ.

ನಮ್ಮ ಶಿಕಾರಿಪುರ ತಾಲ್ಲೂಕಿನ ಈಸೂರು 1942ರ ಸೆಪ್ಟೆಂಬರಿನಲ್ಲಿ ತಾನೇ ಸರ್ಕಾರ ಎಂದು ಸಾರಿಕೊಂಡಾಗ ಹುಡುಗರನ್ನು ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಮಾಡಿತ್ತು. ಎಳೆಯರನ್ನು ಜೈಲಿಗೆ ಹಾಕಲಾರರು ಎಂಬ ಲೆಕ್ಕಾಚಾರ ಎನ್ನುತ್ತಾರೆ. ಆ ಪ್ರಯೋಗ ರಕ್ತದಲ್ಲಿ ಮುಗಿಯಿತು. 1943ರ ಮಾರ್ಚಿನಲ್ಲಿ ಬೆಂಗಳೂರಿನ ಜೈಲಿನಲ್ಲಿ ಐವರಿಗೆ ಗಲ್ಲಾಯಿತು. ಆದರೆ ತಮ್ಮ ಅಮಲ್ದಾರ ಯಾರು, ಅವನನ್ನು ಕೂರಿಸಿದವರು ಯಾರು ಎಂದು ಊರಿಗೆಲ್ಲ ಗೊತ್ತಿತ್ತು. ಬ್ಯಾರಕ್ಕಿನಲ್ಲಿ ಇಲ್ಲದ್ದು ಅದೇ.

ಅಣ್ಣನನ್ನು ಎತ್ತಂಗಡಿ ಮಾಡಿದರೆ ನಾಳೆ ಇನ್ನೊಬ್ಬ ಅಣ್ಣ. ಅದರ ಬದಲು ಅವನು ನಡೆಸುವ ಪಂಚಾಯ್ತಿಯನ್ನು ಬೆಳಕಿಗೆ ತನ್ನಿ. ರಾಜಸ್ಥಾನದ ಸಾಂಗಾನೇರ್ ಬಯಲು ಜೈಲಿನಲ್ಲಿ ಕೈದಿಗಳದೇ ಬಂದಿ ಪಂಚಾಯತ್ ಹಾಜರಿ ತೆಗೆದುಕೊಳ್ಳುತ್ತದೆ. 1993ರ ನಂತರ ಕಿರಣ್ ಬೇಡಿ ತಿಹಾರದಲ್ಲೂ ಪಂಚಾಯ್ತಿ ನಡೆಸಿದರು. ನಾನು ಅಷ್ಟು ದೂರ ಹೋಗಿ ಎನ್ನುವುದಿಲ್ಲ. ಮಲಗುವ ಜಾಗವನ್ನು ಒಳಬಂದ ತಾರೀಖಿನ ಪ್ರಕಾರ ಗೋಡೆಗೆ ಬರೆದು ಅಂಟಿಸಿ, ಬ್ಯಾರಕ್ಕಿನ ಮುಖ್ಯಸ್ಥನನ್ನು ತಿಂಗಳಿಗೊಮ್ಮೆ ಕೈದಿಗಳೇ ಚೀಟಿ ಹಾಕಿ ಆರಿಸಲಿ. ಬೀಡಿಯ ವ್ಯಾಪಾರ ಅರ್ಧ ಇಳಿದೀತು.

ಹುಡುಗ ಏಳುವ ಮುಂಚೆ ತಡವರಿಸಿದ. "ಸರ್, ಅಣ್ಣನಿಗೂ ಒಂದು ಜಾಮೀನು ಅರ್ಜಿ ಹಾಕ್ತೀರಾ? ನಾಲ್ಕು ವರ್ಷ ಆಯ್ತು, ಅವ್ರಿಗೆ ವಕೀಲ್ರೇ ಇಲ್ಲ."

ಫೀಸು ಯಾರು ಕೊಡುತ್ತಾರೆ ಎಂದೆ.

"ಬ್ಯಾರಕ್‌ನೋರು ಸೇರಿಸಿ ಕೊಡ್ತಾರಂತೆ."