ತಾಯಿಯ ಖಾತೆಗೆ ಬರೆದ ತಪ್ಪು

ಮಹಾಪೆಯ ಕೈಗಾರಿಕಾ ವಸಾಹತಿನಲ್ಲಿರುವ ನಮ್ಮ ಬ್ಯಾಂಕ್ ಶಾಖೆಗೆ ಕಳೆದ ವರ್ಷ ಕನ್ನಡದ ಗೃಹಿಣಿಯೊಬ್ಬರು ಸಾಲ ಕೇಳಿಕೊಂಡು ಬಂದಿದ್ದರು. ಮಗನಿಗೆ ಹಿಮೋಫಿಲಿಯಾ, ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟದು. ಹಣದ ಚಿಂತೆಗಿಂತಲೂ ಆಕೆಯನ್ನು ಸುಡುತ್ತಿದ್ದುದು ಅತ್ತೆಯ ಮಾತು: "ನಮ್ಮ ವಂಶದಲ್ಲಿಲ್ಲದ ರೋಗ, ನಿನ್ನ ತವರಿನಿಂದಲೇ ಬಂದದ್ದು."

ನಾನು ವಾಣಿಜ್ಯ ಪದವೀಧರ, ವೈದ್ಯನಲ್ಲ. ಆದರೆ ದಾಖಲೆ ನೋಡದೆ ಒಬ್ಬರ ಖಾತೆಗೆ ಖರ್ಚು ಬರೆಯುವುದನ್ನು ನನ್ನ ವೃತ್ತಿ ಒಪ್ಪದು. ಆದ್ದರಿಂದ ಈ ವಿಷಯವನ್ನು ಓದತೊಡಗಿದೆ.

ಈ ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗದವರ ಕುಟುಂಬದಲ್ಲಿ ರೋಗದ ಪೂರ್ವೇತಿಹಾಸವೇ ಇರುವುದಿಲ್ಲ. ವಂಶವಾಹಿಯಲ್ಲಿ ಹೊಸ ಮಾರ್ಪಾಡುಗಳೂ ಉಂಟಾಗುತ್ತವೆ. ಅಮೆರಿಕದ ಹೇಗ್ ಕಝಾಝಿಯನ್ ಮತ್ತು ಸಂಗಡಿಗರು 240 ಹಿಮೋಫಿಲಿಯಾ ರೋಗಿಗಳನ್ನು ಪರೀಕ್ಷಿಸಿ 1988ರಲ್ಲಿ ಒಂದು ಸೋಜಿಗವನ್ನು ಪ್ರಕಟಿಸಿದರು. ಇಬ್ಬರಲ್ಲಿ 'ಎಲ್-1' ಎಂಬ ಡಿ.ಎನ್.ಎ. ತುಣುಕು ಬೇರೆಡೆಯಿಂದ ಬಂದು, ರಕ್ತ ಹೆಪ್ಪುಗಟ್ಟಿಸುವ ವಂಶವಾಹಿಯ ನಡುವೆ ಕುಳಿತಿತ್ತು. ಅದು ಪರಂಪರೆಯಿಂದ ಬಂದುದಲ್ಲ, ಹೊಸದಾಗಿ ಸೇರಿದ್ದು. ಮೆಕ್ಕೆಜೋಳದಲ್ಲಿ ವಂಶವಾಹಿಗಳ ಜಿಗಿತವನ್ನು ಕಂಡ ಬಾರ್ಬರಾ ಮೆಕ್ಲಿಂಟಾಕ್ ಅವರಿಗೆ 1983ರಲ್ಲಿ ನೊಬೆಲ್ ಪಾರಿತೋಷಕ ದೊರೆತಿತ್ತು. ಮನುಷ್ಯನೂ ಇದಕ್ಕೆ ಹೊರತಲ್ಲವೆಂದಾಯಿತು. ನಮ್ಮ ಡಿ.ಎನ್.ಎ.ಯಲ್ಲಿ ಎಲ್-1ರ ಪಾಲು ಶೇಕಡಾ 17ರಷ್ಟು. ಬಹುಪಾಲು ವಹಿವಾಟು ನಿಂತ ಖಾತೆಗಳಂತೆ ನಿಶ್ಚಲ. ಕೆಲವು ಮಾತ್ರ ಇನ್ನೂ ಚುರುಕಾಗಿವೆ.

ಈ ಜಿಗಿತವನ್ನು ಎಣಿಸುವುದೆಂತು? ಉಂಗುರದಾಕಾರದ ಪುಟ್ಟ ಡಿ.ಎನ್.ಎ.ಗೆ ಪ್ಲಾಸ್ಮಿಡ್ ಎಂದು ಹೆಸರು. 1996ರಲ್ಲಿ ವಿಜ್ಞಾನಿಗಳು ಅದರಲ್ಲಿ ಎಲ್-1ನ್ನು ಇರಿಸಿ, ಔಷಧವನ್ನು ತಾಳಿಕೊಳ್ಳುವ ಶಕ್ತಿ ಕೊಡುವ ವಂಶವಾಹಿಯೊಂದನ್ನು ಹಿಮ್ಮುಖವಾಗಿ, ನಡುವೆ ಅಡ್ಡತುಣುಕು ಸೇರಿಸಿ ಜೋಡಿಸಿದರು. ಹಾಗಿರುವಷ್ಟು ಕಾಲ ಅದು ನಿರುಪಯುಕ್ತ. ಎಲ್-1 ಆರ್.ಎನ್.ಎ. ಆಗಿ ನಕಲಾದಾಗ ಅಡ್ಡತುಣುಕು ಕತ್ತರಿಸಿಹೋಗುತ್ತದೆ. ಆ ನಕಲು ಮತ್ತೆ ಡಿ.ಎನ್.ಎ. ಆಗಿ ವರ್ಣತಂತುವಿಗೆ ಸೇರಿದರೆ ಮಾತ್ರ ವಂಶವಾಹಿ ಕೆಲಸ ಮಾಡೀತು. ಬಳಿಕ ಮಾನವ ಜೀವಕೋಶಗಳಿಗೆ ಔಷಧ ಹಾಕಿದರೆ ಜಿಗಿತ ನಡೆದ ಕೋಶಗಳಷ್ಟೇ ಬದುಕುತ್ತವೆ. ಚೆಕ್ಕು ಕ್ಲಿಯರಿಂಗ್ ದಾಟಿದ ಮೇಲೆಯೇ ಹಣವಾಗುವಂತೆ! ಕಾಣದ ವಹಿವಾಟಿಗೆ ಇದಕ್ಕಿಂತ ಪ್ರಾಮಾಣಿಕ ಲೆಕ್ಕಪರಿಶೋಧನೆ ಇನ್ನೊಂದುಂಟೇ?

240ರಲ್ಲಿ ಇಬ್ಬರೆಂದರೆ ಇದು ವಿರಳವೇ ಸರಿ. ಆ ಗೃಹಿಣಿಯ ಮಗನಲ್ಲಿ ಕಾರಣ ಬೇರೆಯೇ ಇರಬಹುದು. ಆಕೆಯೇ ದೋಷದ ವಾಹಕಳಾಗಿರಲೂಬಹುದು. ಆದರೆ ತನ್ನ ವಂಶವಾಹಿಯನ್ನು ಆರಿಸಿಕೊಂಡು ಹುಟ್ಟಿದವರು ಯಾರು? ಊಹೆಯಿಂದ ತೀರ್ಪು ಕೊಡುವ ಬದಲು ಪರೀಕ್ಷೆ ಮಾಡಿಸುವುದು ಲೇಸು. ಮುಂದಿನ ಬಸಿರಿನ ದೃಷ್ಟಿಯಿಂದಲೂ ಅದು ಅಗತ್ಯ. ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆ ಈ ಕ್ಷೇತ್ರದಲ್ಲಿ ಕೆಲಸ ಮಾಡಿದೆ. ಊರಿನ ಕಡೆ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ.

ಪ್ರಯೋಗಶಾಲೆಯ ಇಂಥ ಸಂಶೋಧನೆಗೆ ಹಣ ಸುರಿಯುವುದು ದಂಡವೆನ್ನುವವರಿದ್ದಾರೆ. ಜೋಳದ ತೆನೆಯಲ್ಲಿ ಆರಂಭವಾದ ಕುತೂಹಲ ಒಬ್ಬ ತಾಯಿಯ ಮೇಲಿನ ಅಪವಾದವನ್ನು ಅಳಿಸಬಲ್ಲುದಾದರೆ, ಆ ಹೂಡಿಕೆ ನಷ್ಟವೆಂದು ನಾನಂತೂ ಬರೆಯಲಾರೆ. ನಮ್ಮ ಸಂಘದ ಬಂಧುಗಳು ಈ ಮಾತನ್ನು ಮನೆಮನೆಗೆ ಮುಟ್ಟಿಸಲಿ.