ಡಾಕ್ಟರೋ, ಡೋಕ್ಟರೋ?

ಏಳನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈ ವರ್ಷ ಬೇರೊಂದು ಶಾಲೆಗೆ ಸೇರಿದ ನಮ್ಮ ನೆರೆಮನೆಯ ಬಾಲಕಿ, ಇಂಗ್ಲಿಷ್ ಪಾಠವನ್ನು ಓದುವಾಗ ‘ಡಾಕ್ಟರ್’ ಎಂದಳಂತೆ. ತರಗತಿಗೆ ತರಗತಿಯೇ ನಕ್ಕಿತು. ‘ಡೋಕ್ಟರ್’ ಎಂದು ಅಧ್ಯಾಪಕರು ತಿದ್ದಿದರು. ಅಂದಿನಿಂದ ಆಕೆ ಗಟ್ಟಿಯಾಗಿ ಓದುವುದನ್ನೇ ಬಿಟ್ಟಿದ್ದಾಳೆಂದು ತಾಯಿ ನಮ್ಮಲ್ಲಿ ಹೇಳಿಕೊಂಡು ನೊಂದರು. ಕಾಸರಗೋಡಿನ ಕನ್ನಡ ಮನೆಗಳಿಗೆ ಇಂಥ ನಗೆ ಹೊಸತಲ್ಲ. ಆದುದರಿಂದ ಈ ತಿಂಗಳು ಇದೊಂದೇ ಶಬ್ದವನ್ನು ವಿಚಾರಿಸಲು ಬಗೆದೆವು.

ಆ ಶಬ್ದದ ಮೊದಲ ಸ್ವರ ನಮ್ಮ ‘ಆ’ಕಾರವೂ ಅಲ್ಲ, ‘ಓ’ಕಾರವೂ ಅಲ್ಲ. ‘ಆ’ ಎನ್ನುವಂತೆ ಬಾಯಿ ತೆರೆದು, ತುಟಿಗಳನ್ನು ತುಸು ದುಂಡಗೆ ಮಾಡಿ, ಎಳೆಯದೆ ಹ್ರಸ್ವವಾಗಿ ಮುಗಿಸಿದರೆ ಬ್ರಿಟಿಷರ ಉಚ್ಚಾರಕ್ಕೆ ಸಮೀಪವಾಗುತ್ತದೆ. ಅಮೆರಿಕದವರು ತುಟಿಗಳನ್ನು ದುಂಡಗಾಗಿಸುವುದಿಲ್ಲ. ಅವರ ಉಚ್ಚಾರ ನಮ್ಮ ‘ಡಾ’ಕ್ಕೇ ಹತ್ತಿರ. ಈ ಧ್ವನಿಗೆ ಕನ್ನಡದಲ್ಲಾಗಲಿ ಮಲಯಾಳದಲ್ಲಾಗಲಿ ಪ್ರತ್ಯೇಕ ಅಕ್ಷರವಿಲ್ಲ. ಕನ್ನಡಿಗರು ‘ಆ’ವನ್ನು ಆರಿಸಿಕೊಂಡರು, ಮಲಯಾಳಿಗಳು ‘ಓ’ವನ್ನು. ನಮ್ಮ ಕಾಲೇಜು ಅವರಿಗೆ ‘ಕೋಳೇಜ್’, ನಮ್ಮ ಆಫೀಸು ‘ಓಫೀಸ್’ ಆದುದು ಹೀಗೆ. ಮರಾಠಿಯವರಾದರೋ ಅಕ್ಷರದ ನೆತ್ತಿಗೊಂದು ಅರ್ಧಚಂದ್ರವನ್ನಿಟ್ಟು ಈ ಇಕ್ಕಟ್ಟಿನಿಂದ ಪಾರಾಗಿದ್ದಾರೆ. ಸೊಲ್ಲಾಪುರ, ಜತ್ತಗಳ ಕನ್ನಡಿಗರು ಅದನ್ನು ದವಾಖಾನೆಗಳ ಫಲಕಗಳಲ್ಲಿ ಕಂಡೇ ಇರುತ್ತಾರೆ.

ಹೀಗಿರುವಾಗ ಬಾಲಕಿಯದು ತಪ್ಪು, ನಕ್ಕವರದು ಸರಿ ಎನ್ನಲು ಆಧಾರವೇನು? ದೀರ್ಘವಾದ ‘ಡೋ’ ಮೂಲದಿಂದ ಇನ್ನೂ ದೂರವೆಂದೇ ನಮ್ಮ ಅಭಿಪ್ರಾಯ. ಲ್ಯಾಟಿನ್ ಮೂಲದ ಈ ಶಬ್ದಕ್ಕೆ ಮೊದಲಿದ್ದ ಅರ್ಥ ‘ಕಲಿಸುವವನು’. ತಿದ್ದಿದ ಅಧ್ಯಾಪಕರಿಗೂ ಈ ಹೆಸರು ಸಲ್ಲುತ್ತದೆಯೆನ್ನಿ!

ಬಳಕೆಯಲ್ಲಿ ನೆನಪಿಡಬೇಕಾದುದು ಕೊಂಚ. ಇಂಗ್ಲಿಷಿನಲ್ಲಿ ವೈದ್ಯರನ್ನು ಎದುರಿನಲ್ಲೇ ಕರೆಯುವಾಗ ಬರಿಯ ‘ಡಾಕ್ಟರ್’ ಎಂದರೆ ಮರ್ಯಾದೆಗೆ ಕೊರತೆಯಿಲ್ಲ. ‘ಸಾರ್’ ಜೋಡಿಸುವುದು ನಮ್ಮವರ ವಿನಯ. ‘ಐ ವೆಂಟ್ ಟು ದ ಡಾಕ್ಟರ್’ ಎನ್ನುವಲ್ಲಿ ‘ದ’ವನ್ನು ಬಿಡಬಾರದು. ಕೊನೆಯ ‘ಟರ್’ ಮೆಲ್ಲಗೆ ಜಾರಬೇಕು, ಒತ್ತಬಾರದು. ಕನ್ನಡಕ್ಕೆ ಬಂದೊಡನೆ ಶಬ್ದ ನಮ್ಮ ರೀತಿಗೆ ಒಗ್ಗಿ, ‘ಡಾಕ್ಟರರು ಬಂದರು’, ‘ಡಾಕ್ಟರರಿಗೆ ತೋರಿಸಿದೆವು’ ಎಂದು ಗೌರವದ ಬಹುವಚನವನ್ನು ತಳೆಯುತ್ತದೆ.

ಮೊನ್ನೆ ಬಾಲಕಿಯನ್ನು ಕರೆಸಿ, ತುಟಿ ದುಂಡಗೆ ಮಾಡಿಸಿ, ಹೇಳಿಸಿದೆವು. ಮೂರನೆಯ ಸಲಕ್ಕೆ ಸೊಗಸಾಗಿ ಬಂದಿತು. ಹೊರಡುವ ಮುನ್ನ, “ಮನೆಯಲ್ಲಿ ಅಜ್ಜನೊಡನೆಯೂ ಹೀಗೆಯೇ ಹೇಳಬೇಕೇ?” ಎಂದು ಕೇಳಿದಳು. ಬೇಡ, ಅಜ್ಜನಿಗೆ ‘ಡಾಕ್ಟ್ರು’ ಸಾಕು ಎಂದೆವು.