ಉಮ್ಮನಿಗೆ ಮಂಗಳೂರು ಎಂದರೆ ಆಸ್ಪತ್ರೆ ಮಾತ್ರವೇ?

ನೇತ್ರಾವತಿ ಸೇತುವೆಯ ಮೇಲೆ ನನ್ನ ಉಮ್ಮ ಎಷ್ಟು ಸಲ ಹೋಗಿರಬಹುದು? ಲೆಕ್ಕ ಇಟ್ಟವರಿಲ್ಲ. ಸಕ್ಕರೆ ಕಾಯಿಲೆಗೆ, ಕಣ್ಣಿಗೆ, ಮಂಡಿನೋವಿಗೆ, ಅದಕ್ಕೂ ಮುಂಚೆ ಬಾಣಂತನಕ್ಕೆ, ಮತ್ತೆ ಮಕ್ಕಳ ಬಾಣಂತನಕ್ಕೆ. ಪ್ರತಿ ಸಲವೂ ಕಾರಿನ ಹಿಂದಿನ ಸೀಟು, ಮಡಿಲಲ್ಲಿ ಎಕ್ಸ್‌ರೇ ಕವರು, ಬಾಯಲ್ಲಿ ದಿಕ್ರ್. ಕಳೆದ ವರ್ಷ ಹಾಗೆ ಹೋಗುವಾಗ ಕಿಟಕಿಯ ಹೊರಗೆ ನೋಡಿ ಒಂದು ಮಾತು ಕೇಳಿದರು: "ಈ ಹೊಳೆ ಕಡಲಿಗೆ ಸೇರುವುದು ಎಲ್ಲಿ?"

ಅಪಾಯಿಂಟ್‌ಮೆಂಟಿಗೆ ತಡವಾಗಿತ್ತು. "ಅಲ್ಲೇ ಆಚೆ" ಎಂದು ಹೇಳಿ ನಾನು ಗಾಡಿ ಓಡಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಎಪ್ಪತ್ತು ದಾಟಿದ ಹೆಂಗಸು. ಹುಟ್ಟಿದ್ದು, ಮದುವೆಯಾಗಿ ಹೋದದ್ದು ಎರಡೂ ಕಡಲ ಕರೆಯ ಊರುಗಳಿಗೆ. ರಾತ್ರಿ ಮಲಗಿದರೆ ಮನೆಯೊಳಗೆ ತೆರೆಯ ಸದ್ದು ಕೇಳುತ್ತದೆ. ಹಾಗಿದ್ದೂ ನಿಧಾನವಾಗಿ ಕೂತು ಕಡಲು ನೋಡಿದ್ದು ಬೆರಳೆಣಿಕೆಯಷ್ಟು ಸಲ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಬ್ಯಾರಿ ಮನೆಗಳಲ್ಲಿ ಮಂಗಳೂರು ಎಂದರೆ ಮೊದಲು ಆಸ್ಪತ್ರೆ, ಆಮೇಲೆ ಮದುವೆ ಜವಳಿ. ಆಸ್ಪತ್ರೆಗಾಗಿ ಆ ಊರನ್ನು ನಾವು ಎಷ್ಟು ನಂಬಿದ್ದೇವೆ ಎಂಬುದು 2020ರ ಮಾರ್ಚ್‌ನಲ್ಲಿ ಗೊತ್ತಾಯಿತು. ಕೊರೋನಾ ಕಾಲದಲ್ಲಿ ತಲಪಾಡಿ ಗಡಿ ಮುಚ್ಚಿತು, ಆಂಬುಲೆನ್ಸ್‌ಗಳು ಅಲ್ಲಿಂದಲೇ ಹಿಂದೆ ತಿರುಗಿದವು. ಸಮಯಕ್ಕೆ ಚಿಕಿತ್ಸೆ ಸಿಗದೆ ಕಾಸರಗೋಡಿನವರು ಸತ್ತರು. ವಿಷಯ ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. ಆ ದಿನಗಳ ಭಯ ನಮ್ಮ ಹಿರಿಯರ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಅವರ ಪಾಲಿಗೆ ಆ ರಸ್ತೆಯೆಂದರೆ ಆತಂಕದ ರಸ್ತೆ.

ಅದಕ್ಕೇ ನಾನು ಹೇಳುವುದು: ಕಾಯಿಲೆ ಏನೂ ಇಲ್ಲದ ಒಂದು ದಿನ ಅವರನ್ನು ಆ ಕಡೆ ಕರೆದುಕೊಂಡು ಹೋಗಿ. ಕಾರಿನಲ್ಲಿ ಬೇಡ. ಬ್ಯಾಟರಿ ಆಟೋದಲ್ಲಿ, ನಿಧಾನವಾಗಿ.

ಕಾರು ಯಾಕೆ ಬೇಡ? ಕಾರಿನಲ್ಲಿ ಹೊರಟ ನಾವು "ಮುಟ್ಟುವುದು" ಒಂದನ್ನೇ ನೋಡುತ್ತೇವೆ. ಗಾಜು ಏರಿಸಿ ಎಸಿ ಹಾಕಿ, ಬೀಚು ಬಂತು ಇಳಿಯಿರಿ, ಫೋಟೋ ತೆಗೆಯಿರಿ, ಹತ್ತಿ ಎನ್ನುತ್ತೇವೆ. ಪಾರ್ಕಿಂಗ್ ಸಿಗದಿದ್ದರೆ ಓಡಿಸುವವನಿಗೆ ಸಿಟ್ಟು, ಆ ಸಿಟ್ಟು ಎಲ್ಲರ ಮೇಲೆ. ದಾರಿ ಎನ್ನುವುದೊಂದು ಇದೆ ಎಂಬುದೇ ಮರೆತುಹೋಗುತ್ತದೆ. ಆಟೋ ಎರಡು ಕಡೆ ತೆರೆದಿದೆ, ಗಾಳಿ ಬರುತ್ತದೆ. ಮಂಡಿನೋವಿನವರಿಗೆ ಹತ್ತಿ ಇಳಿಯಲು ದೊಡ್ಡ ಕಾರಿಗಿಂತ ಸುಲಭ. ಹಳೆಯ ಆಟೋದಲ್ಲಾದರೆ ಎಂಜಿನ್ನಿನ ನಡುಕಕ್ಕೆ ಬೆನ್ನು ಹೋಗುತ್ತದೆ, ಸದ್ದಿಗೆ ಮಾತು ಕೇಳುವುದಿಲ್ಲ. ಬ್ಯಾಟರಿ ಆಟೋದಲ್ಲಿ ಆ ಎರಡೂ ಇಲ್ಲ. ಹೊಗೆಯೂ ಇಲ್ಲ.

ನಾವು ಹೋದದ್ದು ಡಿಸೆಂಬರಿನ ಒಂದು ಮಧ್ಯಾಹ್ನ, ಲುಹರ್ ನಮಾಝ್ ಮುಗಿಸಿ. ಕೇರಳದ ಆಟೋ ತಲಪಾಡಿ ದಾಟಿಸುವ ತಲೆನೋವು ಬೇಡವೆಂದು ತೊಕ್ಕೊಟ್ಟುವರೆಗೆ ಬಸ್ಸು. ಅಲ್ಲಿ ಪರಿಚಯದವರ ಮೂಲಕ ಮೊದಲೇ ಹೇಳಿಟ್ಟಿದ್ದ ಬ್ಯಾಟರಿ ಆಟೋ. ಮೂರೂವರೆ ಗಂಟೆಗೆ ಎಂಟುನೂರು ರೂಪಾಯಿ ಎಂದು ಬಾಯಿಮಾತಿನ ಒಪ್ಪಂದ. ಓಡಿಸುವ ಹುಡುಗ ನಮ್ಮವನೇ. ಐದು ನಿಮಿಷದಲ್ಲಿ ಉಮ್ಮನಿಗೆ ಅವನು "ಮೋನೆ" ಆಗಿದ್ದ.

ಮೊದಲು ಉಳ್ಳಾಲದ ಸಯ್ಯಿದ್ ಮದನಿ ದರ್ಗಾ. ಉಮ್ಮ ಐದು ವರ್ಷಕ್ಕೊಮ್ಮೆ ಬರುವ ಉರೂಸಿನ ಜನಜಂಗುಳಿಯಲ್ಲಿ ಮಾತ್ರ ಇಲ್ಲಿಗೆ ಬಂದಿದ್ದವರು. ಜನ ಕಡಿಮೆ ಇರುವಾಗ ಈ ಜಾಗ ಹೀಗಿರುತ್ತದೆ ಎಂದು ಅವರು ನೋಡಿದ್ದು ಅಂದೇ. ಅಲ್ಲಿಂದ ಕೋಟೆಪುರ. ಮೀನಿನ ಫ್ಯಾಕ್ಟರಿಗಳ ವಾಸನೆ ದಾಟಿ ತುದಿಗೆ ಹೋದರೆ ಅಳಿವೆ ಬಾಗಿಲು. ಆ ಕಡೆಯಿಂದ ಫಲ್ಗುಣಿ, ಈ ಕಡೆಯಿಂದ ನೇತ್ರಾವತಿ, ಎರಡೂ ಸೇರಿ ಕಡಲಿಗೆ ಹೋಗುವ ಜಾಗ. ಎದುರಿಗೆ ಬೆಂಗ್ರೆ. ಬಂದರಿಗೆ ಮರಳುವ ಮೀನುಗಾರಿಕೆ ಬೋಟುಗಳು ಒಂದರ ಹಿಂದೆ ಒಂದು.

"ಉಮ್ಮಾ, ಅಂದು ನೀವು ಕೇಳಿದ ಹೊಳೆ ಸೇರುವುದು ಇಲ್ಲೇ" ಎಂದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಾತು ಶುರುವಾಯಿತು ನೋಡಿ. ಅವರ ಬಾಪ ದೋಣಿಯಲ್ಲಿ ಹಂಚು ಸಾಗಿಸುವ ಕೆಲಸ ಮಾಡಿದ್ದು, ಒಮ್ಮೆ ಮಳೆಗಾಲದ ಶುರುವಿಗೆ ಇದೇ ಅಳಿವೆಯಲ್ಲಿ ದೋಣಿ ಮಗುಚಿ ಈಜಿ ದಡ ಸೇರಿದ್ದು. ನಲವತ್ತೈದು ವರ್ಷದಲ್ಲಿ ನಾನು ಒಮ್ಮೆಯೂ ಕೇಳದ ಕಥೆ. ಕಾರಿನಲ್ಲಿ ಎಷ್ಟು ಸಲ ಜೊತೆಗೆ ಹೋಗಿದ್ದೇವೆ! ಅಲ್ಲಿ ಆ ಕಥೆ ಹೊರಬರಲು ಜಾಗವೇ ಇರಲಿಲ್ಲ.

ಮುಂದೆ ಕಡಲ ಬದಿಯ ರಸ್ತೆ. ಉಳ್ಳಾಲ ಎಂದರೆ ರಾಣಿ ಅಬ್ಬಕ್ಕ, ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಊರು ಎಂದು ಮಕ್ಕಳಿಗೆ ಹೇಳಿದೆ. ಆದರೆ ಇಂದು ಅಲ್ಲಿ ಕಾಣುವುದು ಬೇರೆ ಯುದ್ಧ. ಕಡಲ್ಕೊರೆತಕ್ಕೆ ಅಡ್ಡವಾಗಿ ಸುರಿದ ಕಪ್ಪು ಬಂಡೆಗಳ ಸಾಲು, ಅದರ ಹಿಂದೆ ಅರ್ಧ ಗೋಡೆ ಮಾತ್ರ ಉಳಿದ ಮನೆಗಳು. "ನಮ್ಮ ಹಳೆ ಮನೆ ಇದ್ದದ್ದು ಅಲ್ಲಿ" ಎಂದು ಆಟೋ ಹುಡುಗ ನೀರಿನ ಕಡೆ ಕೈ ತೋರಿಸಿದ. ಈಗ ಅಲ್ಲಿ ತೆರೆ ಇದೆ. ಕೊನೆಗೆ ಸೋಮೇಶ್ವರ. ದೇವಸ್ಥಾನದ ಹಿಂದಿನ ಬಂಡೆಗಳಿಗೆ ನೀರು ಬಡಿಯುವುದನ್ನು ನೋಡುತ್ತಾ, ಮನೆಯಿಂದ ತಂದ ನೈಪತ್ತಿರ್ ತಿಂದು, ಫ್ಲಾಸ್ಕಿನ ಸುಲೈಮಾನಿ ಕುಡಿದೆವು. ಎಲ್ಲ ಸೇರಿ 20 ಕಿ.ಮೀ. ಒಳಗಿನ ಸುತ್ತು. ಒಂದು ಚಾರ್ಜಿಗೆ 100 ಕಿ.ಮೀ. ಓಡುವ ಗಾಡಿಗಳಿಗೆ ಇದು ಏನೂ ಅಲ್ಲ.

ಎಲ್ಲವೂ ಚೆನ್ನಾಗಿತ್ತು ಎಂದರೆ ಸುಳ್ಳಾಗುತ್ತದೆ. ಅಸರ್ ಆಯಿತು. ನನಗೆ ಮಸೀದಿ ಹತ್ತಿರದಲ್ಲೇ ಸಿಕ್ಕಿತು. ಉಮ್ಮನಿಗೆ, ನನ್ನ ಹೆಂಡತಿಗೆ ವುಳೂ ಮಾಡಿ ನಮಾಝ್ ಮಾಡಲು ಜಾಗ ಹುಡುಕಿದ್ದೇ ಹುಡುಕಿದ್ದು. ಕೊನೆಗೆ ಆಟೋ ಹುಡುಗನ ಚಿಕ್ಕಮ್ಮನ ಮನೆಗೆ ಹೋದೆವು. ಹೆಂಗಸರು ಧೈರ್ಯವಾಗಿ ಹೋಗಬಹುದಾದ ಶೌಚಾಲಯ ದಾರಿಯಲ್ಲಿ ಒಂದು ಕಡೆ ಮಾತ್ರ ಸಿಕ್ಕಿತು, ಅದಕ್ಕೂ ಬೀಗ. ನಮ್ಮ ಮನೆಯ ಹೆಂಗಸರು ತಿರುಗಾಟ ಬೇಡ ಎನ್ನುವುದು ಆಸೆ ಇಲ್ಲದೆ ಅಲ್ಲ, ಈ ಎರಡು ಕಾರಣಕ್ಕೆ. ಸರ್ಕಾರಕ್ಕೆ ಕೇಳುವುದನ್ನು ಕೇಳೋಣ. ಆದರೆ ಕಡಲ ಬದಿಯ ನಮ್ಮ ಜಮಾಅತ್‌ಗಳು ಹೆಂಗಸರಿಗೆ ಒಂದು ಕೋಣೆ, ಒಂದು ನಲ್ಲಿ ಮಾಡಿಕೊಡಲು ಯಾವ ಸರ್ಕಾರದ ಅಪ್ಪಣೆ ಬೇಕು?

ಇನ್ನೊಂದು ವಿಷಯ ಆಟೋ ಓಡಿಸುವವರದ್ದು. ಬ್ಯಾಟರಿ ವಾಹನಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಪರ್ಮಿಟ್‌ನಿಂದ ವಿನಾಯಿತಿ ಕೊಟ್ಟಿತು. ಪೆಟ್ರೋಲ್, ಗ್ಯಾಸ್ ಆಟೋದವರಿಗೆ ಇದರಿಂದ ಸಿಟ್ಟಿದೆ. ನಮಗೆ ಪರ್ಮಿಟ್, ವಲಯ ಎಲ್ಲ ಇದೆ, ಅವರಿಗೆ ಏನೂ ಇಲ್ಲ, ನಮ್ಮ ಬಾಡಿಗೆ ಹೋಗುತ್ತದೆ ಎಂಬುದು ಅವರ ದೂರು. ಆ ದೂರಿನಲ್ಲಿ ನ್ಯಾಯ ಇಲ್ಲ ಎನ್ನಲಾಗದು. ಎರಡೂ ಕಡೆ ಇರುವುದು ನಮ್ಮ ಮನೆಯ ಹುಡುಗರೇ, ಎರಡೂ ಕಡೆ ಸಾಲದ ಕಂತು ಇದೆ. ಆದರೆ ಸ್ಟ್ಯಾಂಡಿನ ಬಾಡಿಗೆಗೆ ಕಿತ್ತಾಡುವ ಬದಲು ಹೀಗೆ ಗಂಟೆಯ ಲೆಕ್ಕದಲ್ಲಿ ಹಿರಿಯರನ್ನು ಕಡಲ ಬದಿ ಸುತ್ತಿಸುವ ಕೆಲಸ ಹಿಡಿದರೆ, ಅದು ಯಾರ ಅನ್ನವನ್ನೂ ಕಸಿಯುವುದಿಲ್ಲ. ಅದು ಇಂದು ಯಾರೂ ಮಾಡದ ಬಾಡಿಗೆ. ಹತ್ತು ಹುಡುಗರು ಸೇರಿ ದರ ಇಷ್ಟು, ಹೊತ್ತು ಇಷ್ಟು ಎಂದು ಮೊದಲೇ ಹೇಳಿದರೆ, ನಡುವೆ "ಇನ್ನೂ ನೂರು ಕೊಡಿ" ಎನ್ನದಿದ್ದರೆ, ಗಿರಾಕಿ ತಾನಾಗಿ ಬರುತ್ತದೆ.

ದುಂದು ಎನ್ನುವವರಿದ್ದಾರೆ. ಆಸ್ಪತ್ರೆಯ ಒಂದು ಸ್ಕ್ಯಾನಿಗೆ ಸಾವಿರಗಟ್ಟಲೆ ಎಣಿಸುವಾಗ ದುಂದು ಎನಿಸದ್ದು, ಉಮ್ಮ ನಗುವುದಕ್ಕೆ ಎಂಟುನೂರು ಕೊಟ್ಟರೆ ದುಂದಾಗುತ್ತದೆಯೇ? ಬೀಚಿನಲ್ಲಿ ತೊಂದರೆ ಎನ್ನುವವರೂ ಇದ್ದಾರೆ. ಯಾರ ಜೊತೆ ಯಾರು ಕೂತಿದ್ದಾರೆ ಎಂದು ವಿಚಾರಿಸುವವರು ತಿರುಗಾಡುವ ಕಾಲ ಇದು, ನಿಜ. ಆದರೆ ಹೆದರಿ ನಮ್ಮ ಹಿರಿಯರನ್ನು ಒಳಗೇ ಇಟ್ಟರೆ ಕಡಲ ಕರೆ ಅಂಥವರ ಪಾಲಿಗೇ ಉಳಿಯುತ್ತದೆ. ಸೋಮೇಶ್ವರದಲ್ಲಿ ನಮ್ಮ ಪಕ್ಕ ಕೂತಿದ್ದ ಮೊಗವೀರ ಅಜ್ಜಿಯೊಬ್ಬರು ಉಮ್ಮನ ಜೊತೆ ತುಳುವಿನಲ್ಲಿ ಮಂಡಿನೋವಿನ ಎಣ್ಣೆಯ ವಿಷಯ ಅರ್ಧ ಗಂಟೆ ಮಾತಾಡಿದರು. ಅದೂ ಆ ಕಡಲ ಬದಿಯಲ್ಲೇ ನಡೆದದ್ದು.

ಹೋಗುವವರಿಗೆ ಒಂದೆರಡು ಮಾತು. ಮಳೆಗಾಲದಲ್ಲಿ ಬೇಡ, ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಭಾನುವಾರ ಬಿಟ್ಟುಬಿಡಿ. ಆಟೋವನ್ನು ಹೊಯಿಗೆಗೆ ಇಳಿಸಬೇಡಿ, ಚಕ್ರ ಹೂತರೆ ಎಳೆಯಲು ಹತ್ತು ಜನ ಬೇಕು. ಪ್ಲಾಸ್ಟಿಕ್ ಕುರ್ಚಿ ಒಂದು ಜೊತೆಗಿರಲಿ. ಸೇತುವೆ ದಾಟಿ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಆಟೋದಲ್ಲಿ ಹೋಗುವ ಸಾಹಸ ಬೇಡ. ಬಂದರಿನ ಝೀನತ್ ಬಕ್ಷ್ ಮಸೀದಿ, ಬೋಳೂರಿನ ಸುಲ್ತಾನ್ ಬತ್ತೇರಿ ಬೇರೆ ದಿನಕ್ಕೆ ಇಡಿ, ಅಲ್ಲಿಗೆ ಹೋಗಿ ಅಲ್ಲಿನ ಆಟೋ ಹಿಡಿಯಿರಿ. ನಮ್ಮ ಕಾಸರಗೋಡಿನಲ್ಲೂ ತಳಂಗರೆಯ ಮಾಲಿಕ್ ದೀನಾರ್ ಮಸೀದಿ ಇದೆ, ಚಂದ್ರಗಿರಿ ಹೊಳೆ ಇದೆ, ತೆಂಕಕ್ಕೆ ಬೇಕಲ ಕೋಟೆ ಇದೆ. ಅಲ್ಲಿಯೂ ಯಾರಾದರೂ ಹುಡುಗರು ಶುರು ಮಾಡಲಿ.

ಮೊನ್ನೆ ಮತ್ತೆ ಆಸ್ಪತ್ರೆಗೆ ಹೋಗುವುದಿತ್ತು. ನೇತ್ರಾವತಿ ಸೇತುವೆ ಬಂದಾಗ ಉಮ್ಮ ಪಕ್ಕದಲ್ಲಿದ್ದ ನನ್ನ ಮಗಳಿಗೆ ಪಶ್ಚಿಮದ ಕಡೆ ಕೈ ತೋರಿಸಿ ಹೇಳುತ್ತಿದ್ದರು: "ಈ ಹೊಳೆ ಎಲ್ಲಿ ಕಡಲಿಗೆ ಸೇರುತ್ತದೆ ಗೊತ್ತುಂಟಾ? ನಾನು ನೋಡಿದ್ದೇನೆ."